ಅಂಬೆಗಾಗಿ ಕೊಂಡ ಪುಸ್ತಕ

ಕಾರ್ತಿಕಾ ನಾಯರ್ ಅವರ ‘ಅಂಟಿಲ್ ದ ಲಯನ್ಸ್’ ಮೊನ್ನೆ ಓದಿ ಮುಗಿಸಿದೆ. 2015ರಲ್ಲಿ ಬಂದ, ಮಹಾಭಾರತದ ಕಥೆಯ ಇಂಗ್ಲಿಷ್ ಕಾವ್ಯ. ಸತ್ಯವತಿ, ಗಾಂಧಾರಿ, ಹಿಡಿಂಬಿ, ದಾಸಿಯರು ಎಲ್ಲರಿಗೂ ಇಲ್ಲಿ ಜಾಗವಿದೆ. ನಾನು ಕೊಂಡಿದ್ದು ಮಾತ್ರ ಅಂಬೆಗಾಗಿ.

ಚಿಕ್ಕವಳಿದ್ದಾಗ ಅಜ್ಜನ ಜೊತೆ ಚಾಪೆ ಮೇಲೆ ಕೂತು ‘ಭೀಷ್ಮ ವಿಜಯ’ ಯಕ್ಷಗಾನದ ಆಟ ನೋಡಿದ್ದೆ. ಅಂಬೆ ಮೆಚ್ಚಿದ್ದ ಸಾಲ್ವ ಅವಳನ್ನು ಬೇಡ ಅಂದ, ಅವಳನ್ನು ಹೊತ್ತು ತಂದ ಭೀಷ್ಮ ಮದುವೆಯಾಗದ ಪ್ರತಿಜ್ಞೆ ಅಂದ. ನಡುವೆ ನಿಂತ ಅಂಬೆಯ ವೇಷ ನೋಡಿ ತುಂಬಾ ಅತ್ತಿದ್ದೆ. ಆದರೆ ಪ್ರಸಂಗದ ಹೆಸರಲ್ಲೇ ಗೆದ್ದವನು ಭೀಷ್ಮ, ಅಲ್ವಾ? ಈ ಪುಸ್ತಕದಲ್ಲಿ ಅವಳ ಸಿಟ್ಟಿಗೇ ಮೊದಲ ಮಣೆ. ಓದುವಾಗ ಅಳು ಬರಲಿಲ್ಲ, ಮೈ ಬಿಸಿಯಾಯಿತು.

ಕವಿತೆಗಳನ್ನು ಕಟ್ಟಿದ ರೀತಿ ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿತು. ಅಫ್ಘಾನಿಸ್ತಾನದ ಕಡೆಯ ಪಶ್ತೂನ್ ಹೆಂಗಸರು ಬಾಯಿಂದ ಬಾಯಿಗೆ ಹಾಡಿಕೊಂಡು ಬಂದ, ಲಂಡೈ ಎಂಬ ಎರಡು ಸಾಲಿನ ಪದ್ಯ ಇದೆ. ಮಲಯ್ ಮೂಲದ ಪಾಂಟೂಮ್ ಎಂಬ ಕವಿತೆಯ ರೂಪ ಇದೆ. ಅದರಲ್ಲಿ ಒಂದು ಪದ್ಯದ 2 ಮತ್ತು 4ನೇ ಸಾಲು ಮುಂದಿನ ಪದ್ಯಕ್ಕೆ 1 ಮತ್ತು 3ನೇ ಸಾಲಾಗಿ ವಾಪಸ್ ಬರುತ್ತವೆ. ಹಳೇ ನೋವು ಮತ್ತೆ ಮತ್ತೆ ಬಾಗಿಲು ಬಡಿಯುವ ಹಾಗೆ. ಸುಮ್ನೆ ಕಣ್ಣಾಡಿಸಬೇಡಿ, ಅಡುಗೆಮನೆಯಲ್ಲಿ ನಿಂತಾದರೂ ಗಟ್ಟಿಯಾಗಿ ಓದಿ.

ಇಂಗ್ಲಿಷ್ ಸುಲಭವಿಲ್ಲ. ನಾನು ನಿಘಂಟು ಪಕ್ಕದಲ್ಲೇ ಇಟ್ಟುಕೊಂಡಿದ್ದೆ, ಕೆಲವು ಪುಟ ಮೂರು ಸಲ ಓದಿದೆ. ಇದೇ ಪುಸ್ತಕದಿಂದ ಅಂಬೆಯ ಕಥೆ ತೆಗೆದುಕೊಂಡು ನೃತ್ಯಗಾರ ಅಕ್ರಂ ಖಾನ್ 2016ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನ ಮಾಡಿದರು. ಅಜ್ಜ ಇದ್ದಿದ್ದರೆ ಅಂಬೆಯ ಕವಿತೆಯನ್ನು ಅವರಿಗೆ ಕನ್ನಡದಲ್ಲಿ ಹೇಳಿ ಕೇಳಿಸುತ್ತಿದ್ದೆ.