ಕಿವಿ ಪರೀಕ್ಷೆ ಮಾಡಿಸದೆ ‘ಆಟಿಸಂ ಪ್ಯಾಕೇಜ್’ಗೆ ದುಡ್ಡು ಕಟ್ಟಬೇಡಿ

ಮಂಡ್ಯ, ಮದ್ದೂರು, ಪಾಂಡವಪುರದ ಕಡೆಯಿಂದ ‘ಮಗು ಇನ್ನೂ ಮಾತಾಡ್ತಿಲ್ಲ’ ಅಂತ ಮೈಸೂರಿಗೆ ಹೊರಟಿರುವ ಅಪ್ಪ ಅಮ್ಮಂದಿರು ಇದನ್ನು ಪೂರ್ತಿ ಓದಿ. ಮೈಸೂರಿನ ಒಂದು ಖಾಸಗಿ ಥೆರಪಿ ಸೆಂಟರಿನವರು ನಮ್ಮ ಮಗನಿಗೆ ಆಟಿಸಂ (ಮಾತು, ಜನರ ಜೊತೆ ಬೆರೆಯೋದು ಬೇರೆ ಥರ ಇರುವ, ಮಿದುಳಿನ ಬೆಳವಣಿಗೆಯ ಸ್ಥಿತಿ) ಅಂತ ಹೇಳಿ ಆರು ತಿಂಗಳ ಪ್ಯಾಕೇಜಿಗೆ 70,000 ರೂಪಾಯಿ ಮುಂಗಡ ಕಟ್ಟಿಸಿಕೊಂಡರು. ಅವನಿಗಿದ್ದದ್ದು ಕಿವಿಯ ತೊಂದರೆ. ದೂರು ಕೊಟ್ಟಿದ್ದೇವೆ, ಅದಿನ್ನೂ ನಡೀತಿದೆ, ಹಾಗಾಗಿ ಹೆಸರು ಹಾಕುತ್ತಿಲ್ಲ. ಅವರು ಹೇಗೆ ಕೆಲಸ ಮಾಡುತ್ತಾರೆ ಅನ್ನೋದು ಗೊತ್ತಾದರೆ ಬೇರೆ ಬೋರ್ಡಿನಡಿ ಕೂತಿರುವ ಇಂಥವರೂ ಗುರುತು ಸಿಗುತ್ತಾರೆ.

ಮಗನಿಗೆ ಆಗ ಮೂರು ತುಂಬಿತ್ತು. ‘ಅಮ್ಮ’, ‘ಬಾ’ ಬಿಟ್ಟರೆ ಮಾತಿಲ್ಲ. ಕರೆದರೆ ಒಮ್ಮೊಮ್ಮೆ ತಿರುಗುತ್ತಿದ್ದ, ಒಮ್ಮೊಮ್ಮೆ ಇಲ್ಲ. ‘ಅವರಪ್ಪನೂ ತಡವಾಗೇ ಮಾತಾಡಿದ್ದು ಕಣಮ್ಮ, ಗಂಡುಮಕ್ಳು ಹಂಗೇಯ’ ಅಂತ ನಮ್ಮತ್ತೆ. ಸೆಂಟರಿನಲ್ಲಿ ಬಿಳಿ ಕೋಟು ಹಾಕಿದ್ದ ಮೇಡಂ ಅವನ ಹಿಂದೆ ನಿಂತು ಒಂದು ಸಲ ಜೋರಾಗಿ ಚಪ್ಪಾಳೆ ತಟ್ಟಿದರು. ತಿರುಗಿದ. ‘ನೋಡಿ, ಕಿವಿ ಪರ್ಫೆಕ್ಟ್. ಕೇಳಿಸ್ತದೆ, ಗಮನ ಕೊಡಲ್ಲ. ಇದು ಆಟಿಸಂ’ ಅಂದರು. ಪರೀಕ್ಷೆ ಅಂತ ಆಗಿದ್ದು ಅಷ್ಟೇ.

ಈ ಚಪ್ಪಾಳೆಯನ್ನು ಯಾರೂ ನಂಬಬೇಡಿ. ತಮಟೆ, ಟ್ರಾಕ್ಟರು, ಚಪ್ಪಾಳೆಯಂಥ ದೊಡ್ಡ ಸದ್ದಿಗೆ ಕಿವಿ ಅರ್ಧಂಬರ್ಧ ಕೇಳುವ ಮಗುವೂ ತಿರುಗುತ್ತದೆ. ಮಾತಿನ ಕಥೆ ಬೇರೆ. ‘ಸ’, ‘ಶ’, ‘ತ’, ‘ಕ’ ಇವೆಲ್ಲ ಮೆಲು ಸದ್ದುಗಳು, ಅದರಲ್ಲೂ ‘ಸ’, ‘ಶ’ ತೀರಾ ಕೀಚಲು ಆವರ್ತನದವು. ಅವು ಕಿವಿಗೆ ಬೀಳದಿದ್ದರೆ ‘ಸಾಕು’ ಅಂದದ್ದು ಮಗುವಿಗೆ ಬರೀ ‘ಆ...ಉ’. ಹಾಗೆ ಕೇಳಿಸಿಕೊಂಡ ಮಗು ಏನಂತ ಮಾತಾಡಬೇಕು?

ಥೆರಪಿ ರೂಮಿಗೆ ನಮ್ಮನ್ನು ಬಿಡುತ್ತಿರಲಿಲ್ಲ, ಮಗು ಡಿಸ್ಟರ್ಬ್ ಆಗ್ತದಂತೆ. ಬಾಗಿಲ ಗಾಜಿಗೆ ಸ್ಟಿಕ್ಕರ್ ಅಂಟಿಸಿದ್ದರು. ಅದರ ಮೂಲೆ ಕಿತ್ತುಹೋದ ಕಡೆ ಕಣ್ಣಿಟ್ಟು ನೋಡಿದೆ. ಮೇಜಿನ ಮೇಲೆ ನಾಕು ಪ್ಲಾಸ್ಟಿಕ್ ಬಳೆ, ಮಗನ ಕೈಯಲ್ಲಿ ಮೊಬೈಲು, ಎದುರಿಗೆ ಕೂತ ಹುಡುಗಿಯ ಕೈಯಲ್ಲಿ ಇನ್ನೊಂದು ಮೊಬೈಲು. ಆ ಹುಡುಗಿ ಮೇಲೆ ನನಗೇನೂ ಸಿಟ್ಟಿಲ್ಲ, ಯಾವುದೋ ಕೋರ್ಸಿನ ಇಂಟರ್ನ್‌ಶಿಪ್ ಅಂತ ಬಂದು ಸಿಕ್ಕಿಹಾಕಿಕೊಂಡವಳು.

ಆಮೇಲೆ ಸ್ಟೆಮ್ ಸೆಲ್, ಅಂದರೆ ಬೇರೆ ಬೇರೆ ಜೀವಕೋಶವಾಗಿ ಬೆಳೆಯಬಲ್ಲ ಮೂಲ ಕೋಶ ಕೊಡುವ ಚಿಕಿತ್ಸೆಯ ಮಾತು ತೆಗೆದರು. ಬೆಂಗಳೂರಿನಿಂದ ಡಾಕ್ಟರ್ ಬರ್ತಾರೆ, ಎರಡೂವರೆ ಲಕ್ಷ, ಒಂದು ವರ್ಷದಲ್ಲಿ ನಾರ್ಮಲ್ ಅಂತ. ನಮ್ಮ ಯಜಮಾನರು ಕಬ್ಬಿನ ಬಿಲ್ಲು ಬರಲಿ ಅಂದರು. ಕಾರ್ಖಾನೆಯವರು ಬಿಲ್ಲು ತಡ ಮಾಡಿದ್ದು ಜೀವಮಾನದಲ್ಲಿ ಅದೊಂದು ಸಲ ಒಳ್ಳೇದಾಯ್ತು. ಆಟಿಸಂಗೆ ಸ್ಟೆಮ್ ಸೆಲ್ ಒಪ್ಪಿತ ಚಿಕಿತ್ಸೆಯೇ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪ್ರಕಾರ, ರಕ್ತದ ಕೆಲವು ಕಾಯಿಲೆಗಳ ಚಿಕಿತ್ಸೆ ಬಿಟ್ಟು ಉಳಿದಿದ್ದೆಲ್ಲ ಪ್ರಯೋಗ, ಪ್ರಯೋಗಕ್ಕೆ ರೋಗಿಯ ಹತ್ತಿರ ದುಡ್ಡು ತಗೊಳ್ಳುವಂತಿಲ್ಲ. ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಸರಿದಾರಿ ತೋರಿಸಿದ್ದು ನಮ್ಮೂರ ಅಂಗನವಾಡಿ. ಸರ್ಕಾರದ ಆರ್‌ಬಿಎಸ್‌ಕೆ ತಂಡದ ಡಾಕ್ಟರ್ ಮಕ್ಕಳ ತಪಾಸಣೆಗೆ ಬಂದಿದ್ದಾಗ ಮಗನ ಫೈಲ್ ತಿರುವಿ ‘ಬೆರಾ ಎಲ್ಲಮ್ಮ?’ ಅಂತ ಕೇಳಿದರು. ಅದು ಕಿವಿ ಕೇಳಿಸುತ್ತಾ ಅಂತ ಮೆಷಿನ್ನಿನಲ್ಲಿ ನೋಡುವ ಪರೀಕ್ಷೆ, ನನಗೆ ಆ ಹೆಸರೇ ಗೊತ್ತಿರಲಿಲ್ಲ. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿ ಅಂದರು. ಜನ ‘ಸ್ಪೀಚ್ ಅಂಡ್ ಹಿಯರಿಂಗ್’ ಅನ್ನುತ್ತಾರಲ್ಲ, ಅದೇ. 1965ರಿಂದ ಇರುವ ಕೇಂದ್ರ ಸರ್ಕಾರದ ಸಂಸ್ಥೆ, ದೇಶದ ಎಲ್ಲೆಲ್ಲಿಂದಲೋ ಅಲ್ಲಿಗೆ ಬರುತ್ತಾರೆ.

ಬೆರಾ ಮಾಡುವಾಗ ಮಗು ನಿದ್ದೆಯಲ್ಲಿರಬೇಕು. ಹಣೆಗೆ, ಕಿವಿ ಹಿಂದೆ ವೈರು ಅಂಟಿಸಿ, ಕಿವಿಯಲ್ಲಿ ಸದ್ದು ಬಿಟ್ಟು, ಶ್ರವಣ ನರ ಮತ್ತು ಮಿದುಳಿನ ಬುಡ ಅದಕ್ಕೆ ಸ್ಪಂದಿಸುತ್ತಾ ಅಂತ ಮೆಷಿನ್‌ನಲ್ಲಿ ನೋಡುತ್ತಾರೆ. ಮಗು ಉತ್ತರ ಹೇಳಬೇಕಾಗಿಲ್ಲ, ತಿರುಗಬೇಕಾಗಿಲ್ಲ. ರಾತ್ರಿ ತಡವಾಗಿ ಮಲಗಿಸಿ, ಬೆಳಿಗ್ಗೆ ಬೇಗ ಎಬ್ಬಿಸಿ, ದಾರಿಯಲ್ಲಿ ನಿದ್ದೆ ಮಾಡಕ್ಕೆ ಬಿಡಬೇಡಿ ಅಂದಿದ್ದರು. ಮದ್ದೂರಿನಿಂದ ಮೈಸೂರಿನವರೆಗೆ ಬಸ್ಸಲ್ಲಿ ತೂಕಡಿಸುವ ಮಗುವನ್ನು ಎಬ್ಬಿಸಿಕೊಂಡು ಬರೋದಿದೆಯಲ್ಲ, ಅದು ಬೇರೆಯದೇ ಪಾಡು. ಕಿಟಕಿ ತೆಗೆದೆ, ಮುಖಕ್ಕೆ ನೀರು ಹಚ್ಚಿದೆ, ಮುಂದಿನ ಸೀಟಿನ ಅಜ್ಜಿ ‘ಮಗೀನ ಯಾಕಮ್ಮ ಗೋಳು ಹುಯ್ಕೋತೀಯಾ’ ಅಂತ ಬೈದರು.

ಎರಡೂ ಕಿವಿ ಮಂದ ಅಂತ ಬಂತು. ಹಿಯರಿಂಗ್ ಏಡ್ ಹಾಕಿದರು. ಥೆರಪಿಯಲ್ಲಿ ನನ್ನನ್ನೂ ಪಕ್ಕದಲ್ಲೇ ಕೂರಿಸಿ, ಮನೆಯಲ್ಲಿ ಹೇಗೆ ಮಾತಾಡಿಸಬೇಕು ಅಂತ ಕಲಿಸಿದರು. ಕೆಲವು ತಿಂಗಳು ಗಮನಿಸಿದ ಮೇಲೆ ಸೈಕಾಲಜಿಸ್ಟು ಆಟಿಸಂ ಇಲ್ಲ ಅಂತ ಬರೆದುಕೊಟ್ಟರು. ಎಲ್ಲರಿಗೂ ಹೀಗೇ ಆಗುತ್ತೆ ಅಂತಲ್ಲ. ಆಟಿಸಂ ಇರುವ ಮಕ್ಕಳು ಖಂಡಿತ ಇದ್ದಾರೆ, ಎರಡೂ ತೊಂದರೆ ಒಟ್ಟಿಗೆ ಇರುವವರೂ ಇದ್ದಾರೆ. ಯಾವುದಾದರೂ ಮೊದಲು ಕಿವಿ ನೋಡಲೇಬೇಕು.

ಇನ್ನೊಂದು, ಥೆರಪಿ ಕೊಡುವವರ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್) ನೋಂದಣಿ ನಂಬರ್ ಕೇಳಿ. 1992ರ ಭಾರತೀಯ ಪುನರ್ವಸತಿ ಪರಿಷತ್ ಕಾಯ್ದೆಯಂತೆ ಸ್ಪೀಚ್ ಥೆರಪಿಸ್ಟ್, ಆಡಿಯಾಲಜಿಸ್ಟ್, ಕ್ಲಿನಿಕಲ್ ಸೈಕಾಲಜಿಸ್ಟ್, ಸ್ಪೆಷಲ್ ಟೀಚರ್ ಇವರೆಲ್ಲ ನೋಂದಾಯಿಸಿರಬೇಕು. ಇಲ್ಲದಿದ್ದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಸಾವಿರ ರೂಪಾಯಿಗೆ ಯಾರು ಹೆದರ್ತಾರೆ ಅನ್ನೋದು ಬೇರೆ ಮಾತು. ನಾನು ಕೇಳಿದಾಗ ಬಿಳಿ ಕೋಟಿನ ಮೇಡಂ ‘ನಮ್ ಮೇಲೆ ನಂಬಿಕೆ ಇಲ್ವಾ?’ ಅಂದರೇ ಹೊರತು ನಂಬರ್ ಹೇಳಲಿಲ್ಲ. ಖಾಸಗಿ ಆಸ್ಪತ್ರೆ, ಕ್ಲಿನಿಕ್ಕುಗಳಿಗೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿಯೂ ಇರಬೇಕು, ಆ ಪತ್ರ ಗೋಡೆ ಮೇಲೆ ಇದೆಯಾ ನೋಡಿ.

ದುಡ್ಡು ವಾಪಸ್ ಕೇಳಿದ್ದಕ್ಕೆ ‘ರೀಫಂಡ್ ಇಲ್ಲ ಅಂತ ನೀವೇ ಸೈನ್ ಹಾಕಿದ್ದೀರಲ್ಲ’ ಅಂತ ಇಂಗ್ಲಿಷ್ ಫಾರಂ ಒಂದನ್ನು ಮುಂದಿಟ್ಟರು. ಜಿಲ್ಲಾ ಆರೋಗ್ಯಾಧಿಕಾರಿಗೆ ಬರೆದು ಕೊಟ್ಟಿದ್ದೇವೆ, ಗ್ರಾಹಕರ ಸಹಾಯವಾಣಿ 1915ಕ್ಕೂ ಫೋನ್ ಮಾಡಿದ್ದೇವೆ. ಅಲ್ಲಿ ಮೊದಲು ಕೇಳಿದ್ದೇ ಬಿಲ್ಲು. ತೆಗೆದು ನೋಡಿದರೆ ಥೆರಪಿ ಅಂತ ಎಲ್ಲೂ ಇಲ್ಲ, 70,000ಕ್ಕೂ ‘ಡೊನೇಷನ್’ ಅಂತ ಬರೆದಿದ್ದಾರೆ. ಕೌಂಟರಿನಲ್ಲಿ ದುಡ್ಡು ಎಣಿಸಿ ಕೊಟ್ಟ ಮೇಲೆ ರಸೀದಿಯಲ್ಲಿ ಏನು ಬರೆದಿದ್ದಾರೆ ಅಂತ ಅಲ್ಲೇ ನಿಂತು ಓದಿಕೊಳ್ಳಿ.