ಫ್ಯೂಜಿಫಿಲ್ಮ್ ಎಕ್ಸ್-ಟಿ30: ಆರು ವರ್ಷ, ಗುಯಿಝೌ ಮಳೆ, ಒಂದು ಶವರ್ ಕ್ಯಾಪ್

ಈ ಕ್ಯಾಮೆರಾ ಕೊಂಡಿದ್ದು 2019ರಲ್ಲಿ, ಬೆಂಗಳೂರಲ್ಲಿ. ಆಮೇಲೆ ಕೆಲಸದ ಮೇಲೆ ಗುವಾಂಗ್‌ಝೌಗೆ ಬಂದೆ, ಜೊತೆಗೆ ಇದೂ ಬಂತು. ಇಲ್ಲಿಂದ ಬುಲೆಟ್ ರೈಲು ಹತ್ತಿದರೆ ಮೂರು, ಮೂರೂವರೆ ಗಂಟೆಯಲ್ಲಿ ಗುಯಿಝೌ ಪ್ರಾಂತ್ಯದ ತ್ಸೊಂಗ್‌ಜಿಯಾಂಗ್ ಸ್ಟೇಷನ್. ಅಲ್ಲಿಂದ ಸ್ವಲ್ಪ ದೂರಕ್ಕೇ ಝಾವೊಶಿಂಗ್, ದೊಂಗ್ ಜನರ ಹಳ್ಳಿ. ರಜೆ ಸಿಕ್ಕಾಗೆಲ್ಲ ಆ ಕಡೆ ಓಡುತ್ತೇನೆ. ಚೀನಾದ ಹಳ್ಳಿ ಸುತ್ತೋಕೆ ಯಾವ ಕ್ಯಾಮೆರಾ ಒಳ್ಳೇದು ಅಂತ ಕೇಳೋ ಗೆಳೆಯರು ಜಾಸ್ತಿಯಾಗಿದ್ದಾರೆ, ಅದಕ್ಕೇ ಈ ವಿಮರ್ಶೆ.

ಬ್ಯಾಟರಿ, ಕಾರ್ಡ್ ಸೇರಿ 383 ಗ್ರಾಂ. ಮೇಲೆ 170 ಗ್ರಾಂನ 35 ಎಂಎಂ ಎಫ್/2 ಲೆನ್ಸ್. ಅರ್ಧ ಕೆಜಿ ಚಿಲ್ಲರೆ ಆಯಿತು, ಅಷ್ಟೇ. 26 ಮೆಗಾಪಿಕ್ಸೆಲ್ ಸಾಕೋ ಬೇಡವೋ ಅನ್ನೋ ಚರ್ಚೆ ಬಿಡಿ, ಸಾಕು. ಹಳ್ಳಿಯಲ್ಲಿ ಲೆಕ್ಕಕ್ಕೆ ಬರೋದು ಕ್ಯಾಮೆರಾ ಎಷ್ಟು ಚಿಕ್ಕದು ಅನ್ನೋದು. ದೊಡ್ಡ ಜೂಮ್ ಹಿಡಿದ ಗುಂಪು ಬಂದರೆ ಜನ ಒಂದೋ ಒಳಗೆ ಹೋಗುತ್ತಾರೆ, ಇಲ್ಲ ಪೋಸ್ ಕೊಟ್ಟು ನಿಲ್ಲುತ್ತಾರೆ.

ಪೋಸ್ ಅಂದಾಗ ನೆನಪಾಯಿತು. ಪಕ್ಕದ ಗುವಾಂಗ್‌ಶಿಯಲ್ಲಿ, ಲಿ ನದಿ ದಡದ ಶಿಂಗ್‌ಪಿಂಗ್‌ನಲ್ಲಿ (20 ಯುವಾನ್ ನೋಟಿನ ಹಿಂದಿರೋ ಬೆಟ್ಟಗಳು ಇಲ್ಲಿಯವೇ) ಮೀನು ಹಿಡಿಯೋಕೆ ಪಳಗಿಸಿದ ನೀರುಕಾಗೆ ಇಟ್ಟುಕೊಂಡು ತೆಪ್ಪದ ಮೇಲೆ ನಿಂತಿರೋ ಗಡ್ಡದ ಅಜ್ಜಂದಿರು ಈಗ ಮೀನು ಹಿಡಿಯುತ್ತಿಲ್ಲ, ದುಡ್ಡು ತಗೊಂಡು ಫೋಟೋಗೆ ನಿಲ್ಲುತ್ತಾರೆ. ತಪ್ಪೇನಿಲ್ಲ, ಅದೂ ದುಡಿಮೆಯೇ. ಆದರೆ ಅದೊಂದಕ್ಕೋಸ್ಕರ ಲೆನ್ಸ್ ಕೊಳ್ಳಬೇಡಿ.

ನನಗೆ ಈ ಕ್ಯಾಮೆರಾದ ಬೆಲೆ ಗೊತ್ತಾಗಿದ್ದು ಝಾವೊಶಿಂಗ್‌ನ ಒಂದು ಗಲ್ಲಿಯಲ್ಲಿ. ದೊಂಗ್ ಹೆಂಗಸರು ಮನೆಯಲ್ಲೇ ಬಟ್ಟೆಗೆ ನೀಲಿ ಹಾಕುತ್ತಾರೆ, ಮೊಟ್ಟೆಯ ಬಿಳಿ ಸವರುತ್ತಾರೆ, ಕಲ್ಲಿನ ಮೇಲಿಟ್ಟು ಮರದ ಸುತ್ತಿಗೆಯಿಂದ ಬಡಿಯುತ್ತಾರೆ. ದಬ್ ದಬ್ ಅಂತ ಊರೆಲ್ಲ ಸದ್ದು. ಬಡಿದೂ ಬಡಿದೂ ಬಟ್ಟೆ ಕಪ್ಪುನೇರಳೆ ಬಣ್ಣಕ್ಕೆ ತಿರುಗಿ ತಗಡಿನ ಹಾಗೆ ಹೊಳೆಯುತ್ತದೆ. ಇದರ ಫೋಟೋ ತೆಗೆಯೋದು ತಲೆನೋವು. ಕಪ್ಪು ನೋಡಿದ ಕ್ಯಾಮೆರಾದ ಬೆಳಕಿನ ಮೀಟರ್ ಕತ್ತಲೆ ಅಂದುಕೊಂಡು ಬೆಳಕು ಏರಿಸುತ್ತದೆ, ಫೋಟೋದಲ್ಲಿ ಬಟ್ಟೆ ಬೂದುಬಣ್ಣವಾಗುತ್ತದೆ, ಮುಖ ಬೆಳ್ಳಗೆ ಸುಟ್ಟುಹೋಗುತ್ತದೆ. ಎಕ್ಸ್-ಟಿ30ಯಲ್ಲಿ ಈ ಬೆಳಕು ಏರಿಸಿ ಇಳಿಸೋಕೆಂದೇ ಮೇಲೊಂದು ಡಯಲ್ ಇದೆ. ವ್ಯೂಫೈಂಡರ್‌ನಿಂದ ಕಣ್ಣು ತೆಗೆಯದೆ ಹೆಬ್ಬೆರಳಲ್ಲಿ ಮೈನಸ್ ಒಂದಕ್ಕೆ ತಿರುಗಿಸಿದರೆ ಮುಗಿಯಿತು. ಕ್ಯಾಮೆರಾದಲ್ಲಿ ಹಳೇ ಫಿಲ್ಮ್‌ಗಳ ಹೆಸರಿನ ಬಣ್ಣದ ಸೆಟ್ಟಿಂಗ್‌ಗಳಿವೆ. ಅದರಲ್ಲಿ ಗಾಢ ಬಣ್ಣದ ವೆಲ್ವಿಯಾ ಮಾತ್ರ ಹಾಕಬೇಡಿ, ನೇರಳೆ ಕಿರುಚುತ್ತದೆ. ನಾನು ಮಾಮೂಲಿ ಬಣ್ಣದ ಪ್ರೊವಿಯಾ ಬಿಟ್ಟು ಕದಲಲ್ಲ.

ಆವತ್ತು ಬಡಿಯುತ್ತಿದ್ದ ಅಜ್ಜಿ ಫೋಟೋ ತೋರಿಸು ಅಂತ ಕೈಸನ್ನೆ ಮಾಡಿದರು. ಬೆರಳು ಉಗುರಿನ ಸಂದಿಯವರೆಗೂ ನೀಲಿ. ಫೋನ್ ತರ ಸ್ಕ್ರೀನ್ ಸವರಿದರು, ಹಿಂದಿನ ಫೋಟೋ ಬಂತು, ನಾನು ಬೆಳಗ್ಗೆ ತಿಂದ ನೂಡಲ್ಸ್ ಬಟ್ಟಲು. ನಕ್ಕಿದ್ದೇ ನಕ್ಕಿದ್ದು.

ಈಗ ಬೈಗುಳ. ಗುಯಿಝೌ ಬಗ್ಗೆ ಚೀನೀಯರದ್ದೇ ಒಂದು ಗಾದೆ ಇದೆ, ಸತತ ಮೂರು ದಿನ ಬಿಸಿಲಿಲ್ಲ, ಮೂರಡಿ ಸಮತಟ್ಟು ನೆಲವಿಲ್ಲ ಅಂತ. ಆಗುಂಬೆ ನೋಡಿದವರಿಗೂ ಈ ಜಿಟಿಜಿಟಿ ಸಾಕಪ್ಪಾ ಅನ್ನಿಸುತ್ತದೆ. ಈ ಕ್ಯಾಮೆರಾಗೆ ಮಳೆ ತಡೆಯೋ ಸೀಲ್ ಇಲ್ಲ. ಹೋಟೆಲ್ ಬಾತ್‌ರೂಮಿನ ಶವರ್ ಕ್ಯಾಪ್ ಹಾಕಿಕೊಂಡೇ ಕಾಲ ಹಾಕಿದ್ದೇನೆ, ಎಲಾಸ್ಟಿಕ್ ಚೆನ್ನಾಗಿ ಕೂರುತ್ತದೆ. ಕೈ ನಡುಗಿದರೂ ಫೋಟೋ ಮಸುಕಾಗದಂತೆ ನೋಡಿಕೊಳ್ಳೋ ಸ್ಟೆಬಿಲೈಸರ್ ಕೂಡ ಬಾಡಿಯಲ್ಲಿ ಇಲ್ಲ. ದೊಂಗ್ ಜನ ಸೇರೋ ಮರದ ಡೊಳ್ಳುಗೋಪುರದೊಳಗೆ ಬೆಂಕಿ ಸುತ್ತ ಕೂತ ಮುದುಕರನ್ನು 35 ಎಂಎಂನಲ್ಲಿ ತೆಗೆಯಬೇಕು ಅಂದರೆ ಕಂಬಕ್ಕೆ ಒರಗಿ ಉಸಿರು ಹಿಡಿಯಬೇಕು. 18-55 ಲೆನ್ಸಲ್ಲಿ ಸ್ಟೆಬಿಲೈಸರ್ ಇದೆ, ಆದರೆ ಅದಕ್ಕೂ ಮಳೆ ಆಗಲ್ಲ.

ಇನ್ನೊಂದು, ಕಾರ್ಡು ಬ್ಯಾಟರಿ ಎರಡೂ ಅಡಿಯ ಒಂದೇ ಬಾಗಿಲಲ್ಲಿ. ಟ್ರೈಪಾಡ್ ಪ್ಲೇಟ್ ಹಾಕಿದರೆ ಬಾಗಿಲು ತೆರೆಯಲ್ಲ. ಯುನ್ನಾನ್‌ನ ಯುವಾನ್‌ಯಾಂಗ್‌ಗೆ ಜನವರಿಯಲ್ಲಿ ಹೋಗಿದ್ದೆ. ಮೆಟ್ಟಿಲು ಗದ್ದೆಗೆ ನೀರು ಕಟ್ಟಿರೋ ಕಾಲ ಅದು. 2013ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಆ ಗದ್ದೆ ಮಾಡಿದವರು ಹಾನಿ ಅನ್ನೋ ಜನ. ಹೆಸರು ಮಾತ್ರ ಹಾಗೆ, ಕೆಲಸ ಪೂರ್ತಿ ಉಲ್ಟಾ. ಅಲ್ಲಿ ಸೂರ್ಯೋದಯ ನೋಡೋ ಜಾಗವಾದ ದುವೊಯಿಶುನಲ್ಲಿ ಸೂರ್ಯ ಹುಟ್ಟೋ ಹೊತ್ತಿಗೆ ಸರಿಯಾಗಿ ನನ್ನ ಕಾರ್ಡ್ ತುಂಬಿತು. ರಾತ್ರಿಯೇ ಖಾಲಿ ಮಾಡಿಟ್ಟುಕೊಳ್ಳದ ತಪ್ಪು ನನ್ನದೇ. ಚಳಿಗೆ ಮರಗಟ್ಟಿದ ಬೆರಳಲ್ಲಿ ಪ್ಲೇಟ್ ಬಿಚ್ಚಿ ಮುಗಿಸೋಷ್ಟರಲ್ಲಿ ನೀರಿನ ಮೇಲಿದ್ದ ಕೆಂಪು ಹೋಗಿ ಮಂಜು ಮುಚ್ಚಿತ್ತು. ಅಂದಹಾಗೆ ಅಲ್ಲಿಗೆ ವೈಡ್ ಲೆನ್ಸ್ ಹೊತ್ತುಕೊಂಡು ಹೋಗೋರೇ ಜಾಸ್ತಿ. ಬೇಕಾಗೋದು ದೂರದ್ದನ್ನು ಹತ್ತಿರ ತರೋ ಟೆಲಿ ಲೆನ್ಸ್, ಗದ್ದೆಯ ಬದುಗಳು ಗೆರೆಗಳಾಗಿ ಕಾಣೋದು ಅದರಲ್ಲೇ. 375 ಗ್ರಾಂನ ಪ್ಲಾಸ್ಟಿಕ್ 50-230 ಜೂಮ್ ಲೆನ್ಸ್ ನನಗೆ ಸಾಕಾಯಿತು.

ಬ್ಯಾಟರಿಗೆ 380 ಫೋಟೋ ಅನ್ನುತ್ತದೆ ಕಂಪನಿ, ಚಳಿಯಲ್ಲಿ ಅಷ್ಟು ಬರಲ್ಲ, ಮೂರು ಇಟ್ಟುಕೊಳ್ಳಿ. ಯುಎಸ್‌ಬಿ-ಸಿ ಇರೋದರಿಂದ ರೈಲಿನಲ್ಲೇ ಚಾರ್ಜ್ ಆಗುತ್ತದೆ. ಪವರ್ ಬ್ಯಾಂಕ್ ವಿಷಯದಲ್ಲಿ ಹುಷಾರು: 2025ರ ಜೂನ್ 28ರಿಂದ ಚೀನಾದೊಳಗಿನ ವಿಮಾನಗಳಲ್ಲಿ 3ಸಿ ಗುರುತು (ಚೀನಾದ ಸುರಕ್ಷತಾ ಪ್ರಮಾಣದ ಗುರುತು) ಇಲ್ಲದ್ದನ್ನು ಒಯ್ಯೋ ಹಾಗಿಲ್ಲ. ನಮ್ಮೂರಲ್ಲಿ ಕೊಂಡಿದ್ದರಲ್ಲಿ ಆ ಗುರುತು ಇದೆಯಾ ನೋಡಿಕೊಳ್ಳಿ. ಗೂಗಲ್‌ಗೆ ಬ್ಯಾಕಪ್ ಮಾಡ್ತೀನಿ ಅಂತಲೂ ನಂಬಿಕೊಂಡು ಹೋಗಬೇಡಿ, ಚೀನಾದಲ್ಲಿ ಅದು ತೆರೆಯಲ್ಲ.

ಬದಲಾಯಿಸ್ತೀಯಾ ಅಂತ ಕೇಳಿದರೆ, ಅಂಗಡಿಗೆ ಹೋಗಿ ನೋಡಿ ಬಂದೆ. ಇದೇ ಕಂಪನಿಯ ಎಕ್ಸ್-ಟಿ50ಗೆ ಸ್ಟೆಬಿಲೈಸರ್ ಇದೆ, ಮಳೆ ಸೀಲ್ ಇಲ್ಲ. ಎಕ್ಸ್-ಟಿ5ಗೆ ಎರಡೂ ಇದೆ, ಬಾಡಿಯೊಂದೇ 557 ಗ್ರಾಂ, ಅಂದರೆ ನನ್ನ ಕ್ಯಾಮೆರಾ ಲೆನ್ಸ್ ಸೇರಿ ತೂಗೋಷ್ಟು. ಕೈಯಲ್ಲಿ ಹಿಡಿದು ವಾಪಸ್ ಇಟ್ಟೆ. ಮುಂದಿನ ತಿಂಗಳು ಮತ್ತೆ ಝಾವೊಶಿಂಗ್‌ಗೆ ಟಿಕೆಟ್ ಆಗಿದೆ, ಶವರ್ ಕ್ಯಾಪ್ ಎರಡು ಜಾಸ್ತಿ ಇಸ್ಕೊಂಡಿಟ್ಟಿದ್ದೇನೆ.