ಡೆಬಿಯನ್ ಅಪ್‌ಡೇಟ್: ಕೈಯಾರೆ ಮಾಡುವುದೋ, ತಾನಾಗಿ ಆಗಲು ಬಿಡುವುದೋ?

ನಮ್ಮ ಮನೆಯಲ್ಲಿ ಡೆಬಿಯನ್ (ಲಿನಕ್ಸ್‌ನ ಒಂದು ಬಗೆ) ಓಡುವ ಎರಡು ಯಂತ್ರಗಳಿವೆ. ದಿನಾ ಕೆಲಸ ಮಾಡುವ ಲ್ಯಾಪ್‌ಟಾಪ್ ಒಂದು, ಮನೆಮಂದಿಯ ಫೋಟೊಗಳನ್ನೆಲ್ಲ ಇಟ್ಟುಕೊಂಡು ಮೂಲೆಯಲ್ಲಿರುವ ಹಳೆಯ ಡೆಸ್ಕ್‌ಟಾಪ್ ಇನ್ನೊಂದು.

ಡೆಬಿಯನ್‌ನಲ್ಲಿ ತಂತ್ರಾಂಶದ ಪ್ಯಾಕೇಜ್‌ಗಳನ್ನು ಹಾಕುವುದು, ತೆಗೆಯುವುದು ‘ಆಪ್ಟ್’ ಎಂಬ ಆದೇಶದಿಂದ. ಲ್ಯಾಪ್‌ಟಾಪಿನಲ್ಲಿ ಬಹಳ ದಿನ ‘ಆಪ್ಟ್ ಫುಲ್-ಅಪ್‌ಗ್ರೇಡ್’ ಬಳಸುತ್ತಿದ್ದೆ. ಬರೀ ‘ಆಪ್ಟ್ ಅಪ್‌ಗ್ರೇಡ್’ ಅಗತ್ಯ ಬಿದ್ದರೆ ಹೊಸ ಪ್ಯಾಕೇಜ್ ತರುತ್ತದೆ, ಇರುವುದನ್ನು ಮಾತ್ರ ತೆಗೆಯುವುದಿಲ್ಲ. ಫುಲ್-ಅಪ್‌ಗ್ರೇಡ್ ಅಗತ್ಯ ಬಿದ್ದರೆ ಇರುವುದನ್ನು ತೆಗೆದೂ ಬಿಡುತ್ತದೆ. ಹೊರಗಿನ ರೆಪೊಸಿಟರಿಯೊಂದನ್ನು (ಪ್ಯಾಕೇಜ್‌ಗಳ ಭಂಡಾರ) ಸೇರಿಸಿಕೊಂಡಿದ್ದ ಹೊತ್ತಿನಲ್ಲಿ, ಏನೇನು ಹೋಗಲಿದೆ ಎಂಬ ಪಟ್ಟಿ ಓದದೆ, ಒಪ್ಪಿಗೆಯ ‘ವೈ’ ಒತ್ತಿದೆ. ರೀಬೂಟ್ ಆದಾಗ ಕಿಟಕಿ, ಮೆನುಗಳಿರುವ ಡೆಸ್ಕ್‌ಟಾಪ್ ಪರಿಸರವೇ ಮಾಯ, ಕಪ್ಪು ಪರದೆಯಲ್ಲಿ ಲಾಗಿನ್ ಸಾಲು ಮಾತ್ರ. ಆಪ್ಟ್‌ನ ಹಿಸ್ಟರಿ ಲಾಗ್ ನೋಡಿ, ಹೋದದ್ದನ್ನೆಲ್ಲ ಮರಳಿ ಹಾಕುವಷ್ಟರಲ್ಲಿ ನಡುರಾತ್ರಿ. ಈಗ ದಿನನಿತ್ಯಕ್ಕೆ ಅಪ್‌ಗ್ರೇಡ್ ಒಂದೇ. ಫುಲ್-ಅಪ್‌ಗ್ರೇಡ್ ಬೇಕೇ ಬೇಕಾದರೆ ಮೊದಲು ‘-ಎಸ್’ ಸೇರಿಸಿ, ಏನೂ ಬದಲಾಗದ ಒಣ ಓಟ ಓಡಿಸಿ, ಏನೇನು ಹೋಗಲಿದೆ ಎಂದು ಓದುತ್ತೇನೆ.

ಡೆಸ್ಕ್‌ಟಾಪಿನ ಮುಂದೆ ಯಾರೂ ಕೂರುವುದಿಲ್ಲವಾದ್ದರಿಂದ ಅದಕ್ಕೆ ತಾನಾಗಿ ಅಪ್‌ಡೇಟ್ ಮಾಡುವ ‘ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್’ ಹಾಕಿದ್ದೇನೆ. ಭದ್ರತಾ ತೇಪೆಗಳು ತಡವಾಗದೆ ಬರುತ್ತವೆ, ಇದರಲ್ಲಿ ನನಗೆ ತುಂಬ ನೆಮ್ಮದಿಯಿದೆ. ಆದರೆ ಡೆಬಿಯನ್‌ನಲ್ಲಿ ಅದರ ಮೂಲ ಸಂರಚನೆ ಭದ್ರತೆಗಷ್ಟೇ ಸೀಮಿತವಲ್ಲ, ಪಾಯಿಂಟ್ ರಿಲೀಸ್‌ಗಳನ್ನೂ (ಒಂದೇ ಆವೃತ್ತಿಗೆ ಆಗಾಗ ಬರುವ ತಿದ್ದುಪಡಿಗಳ ಕಂತು) ಎಳೆದುಕೊಳ್ಳುತ್ತದೆ. 2023ರ ಡಿಸೆಂಬರ್‌ನಲ್ಲಿ ಇದರ ಬೆಲೆ ಕಂಡಿತು. ಡೆಬಿಯನ್ 12.3ರ ಜೊತೆ ಬಂದ 6.1.64 ಕರ್ನಲ್‌ನಲ್ಲಿ (ವ್ಯವಸ್ಥೆಯ ತಿರುಳು), ಡಿಸ್ಕಿನಲ್ಲಿ ಕಡತಗಳನ್ನು ಇಡುವ ಇಎಕ್ಸ್‌ಟಿ4 ಕಡತವ್ಯವಸ್ಥೆಯ ದತ್ತಾಂಶ ಕೆಡಿಸುವ ದೋಷವಿತ್ತು. ಡೆಬಿಯನ್ ತಂಡ ಬಿಡುಗಡೆಯನ್ನು ತಡೆದು, ಅಪ್‌ಗ್ರೇಡ್ ಮಾಡಬೇಡಿ, ತಾನಾಗಿ ಅಪ್‌ಡೇಟ್ ಆಗುವ ಯಂತ್ರಗಳ ಬಗ್ಗೆ ಎಚ್ಚರವಿರಲಿ ಎಂದು ಹೇಳಿ, ಮರುದಿನವೇ 12.4 ಕೊಟ್ಟಿತು. ಆ ಸುದ್ದಿ ಓದಿದ ಮೇಲೆ ಸಂರಚನಾ ಕಡತದಲ್ಲಿ ‘ಡೆಬಿಯನ್-ಸೆಕ್ಯುರಿಟಿ’ ಸಾಲೊಂದನ್ನು ಉಳಿಸಿ ಮಿಕ್ಕದ್ದನ್ನು ಮುಚ್ಚಿದೆ. ಪಾಯಿಂಟ್ ರಿಲೀಸ್‌ಗಳನ್ನು ಒಂದು ವಾರ ಬಿಟ್ಟು ಕೈಯಾರೆ ಹಾಕುತ್ತೇನೆ. ಇನ್ನೊಂದು: ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ ಮೂಲ ಸಂರಚನೆಯಲ್ಲಿ ತಾನಾಗಿ ರೀಬೂಟ್ ಮಾಡುವುದಿಲ್ಲ, ಹೊಸ ಕರ್ನಲ್ ಬಂದಿದ್ದರೂ ಹಳೆಯದೇ ಓಡುತ್ತಿರುತ್ತದೆ. ಭಾನುವಾರ ಬೆಳಿಗ್ಗೆ ನಾನೇ ರೀಬೂಟ್ ಮಾಡುತ್ತೇನೆ.

ವ್ಯವಸ್ಥೆಯ ಸ್ಥಿತಿಯನ್ನು ಸ್ನ್ಯಾಪ್‌ಶಾಟ್ ಆಗಿ ಉಳಿಸಿಡುವ ಟೈಮ್‌ಶಿಫ್ಟ್ ಎರಡು ಯಂತ್ರಗಳಲ್ಲೂ ಇದೆ. ಲ್ಯಾಪ್‌ಟಾಪಿನಲ್ಲಿ ಆದಂಥ ಎಡವಟ್ಟಿಗೆ ಅದು ಹೇಳಿ ಮಾಡಿಸಿದ ಮದ್ದು, ಹತ್ತು ನಿಮಿಷದಲ್ಲಿ ಹಿಂದಿನ ಸ್ಥಿತಿ. ಆದರೆ ನಮ್ಮ ಸ್ವಂತ ಕಡತಗಳಿರುವ ಹೋಮ್ ಫೋಲ್ಡರನ್ನು, ನಾವಾಗಿ ಹೇಳದಿದ್ದರೆ, ಅದು ಉಳಿಸಿಕೊಳ್ಳುವುದಿಲ್ಲ, ಡಿಸ್ಕೇ ಕೆಟ್ಟರೆ ಅದೇ ಡಿಸ್ಕಿನಲ್ಲಿರುವ ಸ್ನ್ಯಾಪ್‌ಶಾಟ್ ಕೂಡ ಹೋಗುತ್ತದೆ. ಹಾಗಾಗಿ ಫೋಟೊಗಳ ಪ್ರತಿ ಬೇರೊಂದು ಡಿಸ್ಕಿನಲ್ಲಿದೆ, ಅಪ್‌ಡೇಟ್ ನಡೆಯುವಾಗ ಅದರ ತಂತಿ ಕಳಚಿಟ್ಟಿರುತ್ತೇನೆ.